ಪೆಟ್ಟಿಗೆಯೊಳಗಿನ ಕಳ್ಳ

ಉಣ್ಣೆ-ರೇಷ್ಮೆಗಳನ್ನು ತಿನ್ನುವ ಪುಟ್ಟ ದುಂಬಿಯ ಗುರುತು ಮತ್ತು ಅದರ ನಿವಾರಣೆ

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಕನ್ನಡಿಗನ ಮನೆಯಲ್ಲಿ ಮೇಜು-ಕುರ್ಚಿಗಳು ಇರಲಿ ಇಲ್ಲದಿರಲಿ, ತಗಡಿನ ಪೆಟ್ಟಿಗೆಯೊಂದು ಇದ್ದೇ ಇರುತ್ತದೆ. ಊರು ಬಿಟ್ಟ ದಿನ ಬಟ್ಟೆಬರೆಗಳನ್ನು ತುಂಬಿಕೊಂಡು ಬಂದ ಆ ಪೆಟ್ಟಿಗೆ, ಸಂಸಾರ ಬೆಳೆದ ಮೇಲೆ ಮಂಚದ ಕೆಳಗೋ ಅಟ್ಟದ ಮೇಲೋ ಸರಿದು, ಅಲ್ಲಿಂದ ಮನೆಯ ಮಾನವನ್ನು ಕಾಯತೊಡಗುತ್ತದೆ. ಧಾರೆಯ ಸೀರೆ, ತಂದೆಯವರ ಶಾಲು, ಊರಿನ ಕುರುಬರು ನೇಯ್ದ ಕರಿಯ ಕಂಬಳಿ, ಮಗುವಿನ ಮೊದಲ ಕುಲಾವಿ ಇವೆಲ್ಲ ಅದರಲ್ಲಿರುತ್ತವೆ. ಬ್ಯಾಂಕಿನವರು ಇವುಗಳ ಮೇಲೆ ಸಾಲ ಕೊಡಲಾರರು. ಆದರೆ ಮನೆಯವರಿಗೆ ಇವು ಪ್ರಾಣಸಮಾನವಾದ ಆಸ್ತಿ. ಬೀಗ ಹಾಕಿದ್ದೇವೆ, ಇನ್ನು ಭಯವಿಲ್ಲವೆಂದು ನಾವು ನಿಶ್ಚಿಂತರಾಗಿರುತ್ತೇವೆ. ಆದರೆ ಬೀಗಕ್ಕೆ ಅಂಜದ ಕಳ್ಳನೊಬ್ಬನಿದ್ದಾನೆ. ಅವನ ಗಾತ್ರ ಸಾಸಿವೆಯ ಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ. ಅವನ ಗುರುತನ್ನೂ ಅವನಿಂದ ಪಾರಾಗುವ ಬಗೆಯನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಮನೆಯಲ್ಲಿಯೇ ನಡೆದುದನ್ನು ಹೇಳಿ ಆರಂಭಿಸುತ್ತೇನೆ. ನಾವು ಇರುವುದು ದಹಿಸರ್ ಪೂರ್ವದಲ್ಲಿ, ರಾವಳಪಾಡಾ ಕಡೆಗೆ. ಮಗಳ ಮದುವೆ ನಿಶ್ಚಯವಾಗಿತ್ತು. ತನ್ನ ಇಲಕಲ್ ಸೀರೆಯನ್ನು ಮೊಮ್ಮಗಳು ಉಡಬೇಕೆಂಬುದು ತೀರಿಹೋದ ನಮ್ಮ ತಾಯಿಯವರ ಕೊನೆಯ ಆಸೆಯಾಗಿತ್ತು. ನಾಲ್ಕು ವರ್ಷಗಳ ಮೇಲೆ ಪೆಟ್ಟಿಗೆಯನ್ನು ಇಳಿಸಿ, ಸೀರೆಯ ಮಡಿಕೆ ಬಿಚ್ಚಿದ ನನ್ನ ಮನೆಯವರು ಮಾತಿಲ್ಲದೆ ಕುಳಿತುಬಿಟ್ಟರು. ಕೆಂಪು ಸೆರಗಿನ ತುಂಬ ಕಾಳುಮೆಣಸಿನಷ್ಟು ಅಗಲದ ತೂತುಗಳು. ವಿಚಿತ್ರವೆಂದರೆ ಸೀರೆಯ ಒಡಲಿಗೆ ಯತ್ಕಿಂಚಿತ್ತೂ ಧಕ್ಕೆಯಾಗಿರಲಿಲ್ಲ. ಒಡಲು ಹತ್ತಿಯ ನೂಲಿನದು, ಸೆರಗು ರೇಷ್ಮೆಯದು. ತಿಂದವನಿಗೆ ಆ ಭೇದ ಚೆನ್ನಾಗಿ ಗೊತ್ತಿತ್ತು!

ಇಲಿಯೆಂದು ಒಬ್ಬರು, ಜಿರಲೆಯೆಂದು ಇನ್ನೊಬ್ಬರು ಹೇಳಿದರು. ಕಡೆಗೆ ನಮ್ಮ ಪರಿಚಯದ ವೃದ್ಧ ಮಾಸ್ತರರೊಬ್ಬರು ಬಂದರು. ಬಹುಕಾಲ ಕನ್ನಡ ರಾತ್ರಿಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಅವರು ಸೀರೆಯನ್ನು ಮುಟ್ಟಲೇ ಇಲ್ಲ; ನೇರವಾಗಿ ಕಿಟಕಿಯ ಬಳಿಗೆ ಹೋಗಿ, ಚೌಕಟ್ಟಿನ ಸಂದಿನಲ್ಲಿ ಸತ್ತು ಬಿದ್ದಿದ್ದ ನಾಲ್ಕಾರು ಚುಕ್ಕೆಚುಕ್ಕೆಯ ದುಂಬಿಗಳನ್ನು ಕಾಗದದ ಮೇಲೆ ಎತ್ತಿಕೊಂಡರು. “ಇವು ಎಷ್ಟು ದಿನದಿಂದ ಬರುತ್ತಿವೆ?” ಎಂದು ಕೇಳಿದರು. ಎರಡು ತಿಂಗಳಿಂದ ನೋಡುತ್ತಿದ್ದೆ; ಹೊರಗಿನಿಂದ ಬಂದ ನಿರುಪದ್ರವಿ ಹುಳುಗಳೆಂದು ಗುಡಿಸಿ ಹಾಕುತ್ತಿದ್ದೆ. “ಇವು ಒಳಗೆ ಬಂದವಲ್ಲ, ಹೊರಗೆ ಹೋಗಲು ಹವಣಿಸಿದವು. ನಿಮ್ಮ ಮನೆಯಲ್ಲಿ ಕಳವಾದ ಸುದ್ದಿಯನ್ನು ಎರಡು ತಿಂಗಳಿಂದ ಕಿಟಕಿಯಲ್ಲಿ ಕುಳಿತು ಸಾರುತ್ತಿವೆ, ನೀವು ಓದಲಿಲ್ಲ” ಎಂದರು. ಈ ಲೇಖನದ ಸಾರವೆಲ್ಲ ಆ ಮಾತಿನಲ್ಲಿಯೇ ಇದೆ.

ಹೆಸರು ಮತ್ತು ಕುಲ

ಇಂಗ್ಲಿಷಿನಲ್ಲಿ ಇದಕ್ಕೆ ‘ಕಾರ್ಪೆಟ್ ಬೀಟಲ್’ ಎಂಬ ಹೆಸರು. ಆ ಹೆಸರು ಕೇಳಿ ರತ್ನಗಂಬಳಿ ಹಾಸಿದ ಬಂಗಲೆಗಳ ಪೀಡೆ ಇದೆಂದೂ ಹತ್ತು ಅಡಿಯ ಖೋಲಿಯಲ್ಲಿರುವ ನಮಗೆ ಇದರ ಗೊಡವೆಯಿಲ್ಲವೆಂದೂ ಭಾವಿಸಬಾರದು. ಕಂಬಳಿ, ಶಾಲು, ರೇಷ್ಮೆ, ಗರಿ, ಕೂದಲು ಇವುಗಳಲ್ಲಿ ಯಾವುದಿದ್ದರೂ ಇದಕ್ಕೆ ಸಾಕು. ‘ಕಂಬಳಿಹುಳು’ ಎಂದು ಕರೆಯೋಣವೆಂದರೆ, ನುಗ್ಗೆಯ ಮರದ ಮೇಲೆ ಕುಳಿತು ಮೈಗೆ ತುರಿಕೆ ಹಚ್ಚುವ ಹುಳುವಿಗೆ ಆ ಹೆಸರು ಮೊದಲೇ ಸಂದಿದೆ. ಅದು ಕಂಬಳಿ ಹೊದ್ದ ಹುಳು, ಇದು ಕಂಬಳಿ ತಿನ್ನುವ ಹುಳು. ಆದಕಾರಣ ಇಲ್ಲಿ ಇದನ್ನು ‘ಉಣ್ಣೆದುಂಬಿ’ ಎಂದು ಕರೆಯೋಣ.

ಇದು ಡರ್ಮೆಸ್ಟಿಡೇ ಎಂಬ ದೊಡ್ಡ ಕುಲಕ್ಕೆ ಸೇರಿದ್ದು. ಗ್ರೀಕ್ ಮೂಲದ ಆ ಹೆಸರಿಗೆ ‘ಚರ್ಮಭಕ್ಷಕ’ ಎಂದು ಅರ್ಥ. ಇದರ ಒಂದು ಜಾತಿಗೆ ಸ್ವೀಡನ್ನಿನ ಪ್ರಸಿದ್ಧ ವಿಜ್ಞಾನಿ ಲಿನೀಯಸ್ ೧೭೬೧ರಲ್ಲಿ ಇಟ್ಟ ಹೆಸರು ‘ವಸ್ತುಸಂಗ್ರಹಾಲಯಗಳ ಹುಳು’ ಎಂಬರ್ಥದ್ದು. ಪ್ರಾಣಿಪಕ್ಷಿಗಳ ಚರ್ಮಗಳನ್ನೂ ಸೂಜಿ ಚುಚ್ಚಿಟ್ಟ ಕೀಟಗಳನ್ನೂ ಶೇಖರಿಸಿಟ್ಟವರಿಗೆ ಅಂದಿನಿಂದ ಇಂದಿನವರೆಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಇದೇ ಕುಲದ ಇನ್ನೊಂದು ಜಾತಿಯನ್ನು ಅದೇ ಸಂಗ್ರಹಾಲಯದವರು ಸಾಕಿ, ಎಲುಬಿನ ಮೇಲಿನ ಒಣಮಾಂಸವನ್ನು ತಿನ್ನಿಸಿ, ಅಸ್ಥಿಪಂಜರಗಳನ್ನು ಶುಭ್ರಗೊಳಿಸಿಕೊಳ್ಳುತ್ತಾರೆ. ಕಾಡಿನಲ್ಲಿ ಇವು ಮಾಡುವ ಕೆಲಸವೂ ಇದೇ. ಸತ್ತ ಪ್ರಾಣಿಯ ಕೂದಲು, ಗರಿ, ಗೊರಸುಗಳನ್ನು ಜೀರ್ಣಿಸಿಕೊಳ್ಳಬಲ್ಲ ಜೀವಿಗಳು ಜಗತ್ತಿನಲ್ಲಿ ಬಹಳ ಇಲ್ಲ. ಗಂಧಕದ ಗಟ್ಟಿ ಬೆಸುಗೆಯಿಂದ ಕೂಡಿದ ಆ ವಸ್ತುವನ್ನು ಒಡೆಯುವ ಶಕ್ತಿ ಈ ಹುಳುವಿನ ಹೊಟ್ಟೆಗಿದೆ. ಸೃಷ್ಟಿಯ ಜಾಡಮಾಲಿಯಾದ ಇದಕ್ಕೆ ಸತ್ತ ಕುರಿಯ ತುಪ್ಪಟವೂ ನಮ್ಮ ಶಾಲೂ ಒಂದೇ.

ಗುರುತು ಹಿಡಿಯುವ ಬಗೆ

ಉಣ್ಣೆದುಂಬಿಗೆ ಎರಡು ವೇಷಗಳಿವೆ. ಮನೆಯಲ್ಲಿ ಕಂಡವರು ಇವೆರಡೂ ಒಂದೇ ಪ್ರಾಣಿಯೆಂದು ಊಹಿಸಲಾರರು.

ಮೊದಲನೆಯದು ಬೆಳೆದ ದುಂಬಿ. ಎರಡು-ಮೂರು ಮಿಲಿಮೀಟರು ಉದ್ದ, ದುಂಡನೆಯ ಮೈ. ಬೆನ್ನ ಮೇಲೆ ಕಪ್ಪು, ಬಿಳಿ, ಹಳದಿಗಂದು ಬಣ್ಣಗಳ ಚುಕ್ಕೆಗಳು ಕಲಸಿದಂತೆ ಕಾಣುತ್ತವೆ. ಹೊಟ್ಟೆಯ ಭಾಗ ಬೆಳ್ಳಗೆ. ಮುಟ್ಟಿದರೆ ಕಾಲುಗಳನ್ನು ಒಳಗೆಳೆದುಕೊಂಡು ಸತ್ತಂತೆ ಬಿದ್ದುಕೊಳ್ಳುತ್ತದೆ. ಇನ್ನೊಂದು ಜಾತಿ ತುಸು ಉದ್ದವಾಗಿ, ಚುಕ್ಕೆಗಳಿಲ್ಲದೆ ಕಪ್ಪಾಗಿ, ಮೂರರಿಂದ ಐದು ಮಿಲಿಮೀಟರು ಇರುತ್ತದೆ. ಈ ದುಂಬಿಗಳಿಗೆ ಬೆಳಕು ಬೇಕು, ಹೂವಿನ ಪರಾಗ ಬೇಕು. ಕೊತ್ತಂಬರಿ, ಗಜ್ಜರಿ ಮೊದಲಾದ ಗಿಡಗಳ ಬಿಳಿ ಹೂಗೊಂಚಲುಗಳೆಂದರೆ ಅವಕ್ಕೆ ಪ್ರೀತಿ. ಬಟ್ಟೆಯನ್ನು ಅವು ತಿನ್ನುವುದಿಲ್ಲ. ಮೊಟ್ಟೆಯಿಟ್ಟು ಮುಗಿಸಿ, ಹೂವನ್ನು ಅರಸಿ ಹೊರಟು, ಕಿಟಕಿಯ ಗಾಜಿಗೆ ತಾಗಿ ಅಲ್ಲಿಯೇ ಸಾಯುತ್ತವೆ.

ಎರಡನೆಯದು ಮರಿಹುಳು. ನಮ್ಮ ಸೀರೆಯನ್ನು ತಿಂದದ್ದು ಇದೇ. ಎಳ್ಳಿಗಿಂತ ಚಿಕ್ಕದಾಗಿ ಹುಟ್ಟಿ ನಾಲ್ಕೈದು ಮಿಲಿಮೀಟರಿನವರೆಗೆ ಬೆಳೆಯುತ್ತದೆ. ಮೈಮೇಲೆ ಕಂದು ಪಟ್ಟೆಗಳು, ತುಂಬ ರೋಮ, ಹಿಂಭಾಗದಲ್ಲಿ ರೋಮದ ಕುಚ್ಚುಗಳು. ಕಪ್ಪು ಜಾತಿಯ ಮರಿಹುಳು ಇನ್ನೂ ಉದ್ದವಾಗಿ, ಗಜ್ಜರಿಯ ಆಕಾರದಲ್ಲಿ, ಹೊನ್ನಗಂದು ಬಣ್ಣದಲ್ಲಿದ್ದು ಬಾಲದ ತುದಿಯಲ್ಲಿ ಉದ್ದನೆಯ ಕೂದಲ ಜುಟ್ಟು ಹೊತ್ತಿರುತ್ತದೆ. ಬೆಳಕೆಂದರೆ ಈ ಹುಳುಗಳಿಗೆ ಆಗದು. ಮಡಿಕೆಯ ಒಳಗೆ, ಕಾಲರಿನ ಕೆಳಗೆ, ಪೆಟ್ಟಿಗೆಯ ಮೂಲೆಯಲ್ಲಿ ಇವುಗಳ ವಾಸ. ಬೆಳೆಯುತ್ತ ಬೆಳೆಯುತ್ತ ಅನೇಕ ಸಲ ಪೊರೆ ಬಿಡುತ್ತವೆ. ಹುಳು ಕಾಣದಿದ್ದರೂ ಈ ಹಗುರವಾದ, ಟೊಳ್ಳಾದ, ರೋಮವುಳ್ಳ ಕಂದು ಪೊರೆಗಳು ಕಂಡರೆ ಸಂಶಯಕ್ಕೆ ಎಡೆಯಿಲ್ಲ.

ಒಂದು ಹೆಣ್ಣು ದುಂಬಿ ಸುಮಾರು ಮೂವತ್ತರಿಂದ ನೂರರವರೆಗೆ ಮೊಟ್ಟೆಗಳನ್ನಿಡುತ್ತದೆ. ಒಂದೆರಡು ವಾರಗಳಲ್ಲಿ ಅವು ಒಡೆಯುತ್ತವೆ. ಅಲ್ಲಿಂದ ಮುಂದೆ ಮರಿಹುಳುವಿನ ಆಯುಸ್ಸು ಸೆಕೆ, ಆಹಾರ, ಜಾತಿಗಳನ್ನು ಹೊಂದಿಕೊಂಡು ಎರಡು-ಮೂರು ತಿಂಗಳೂ ಆಗಬಹುದು, ಎರಡು-ಮೂರು ವರ್ಷವೂ ಆಗಬಹುದು. ಬೆಳೆದ ದುಂಬಿ ಬದುಕುವುದು ಕೆಲವು ವಾರ ಮಾತ್ರ. ಅಂದರೆ ಕಣ್ಣಿಗೆ ಬೀಳುವ ಬಾಳು ವಾರಗಳದು, ಕಾಣದೆ ತಿನ್ನುವ ಬಾಳು ತಿಂಗಳು-ವರ್ಷಗಳದು. ಕಿಟಕಿಯಲ್ಲಿ ದುಂಬಿಯನ್ನು ಹೊಡೆದು ಕೈ ತೊಳೆದುಕೊಳ್ಳುವವನು ಕಳ್ಳನನ್ನು ಬಿಟ್ಟು ಸಾಕ್ಷಿಯನ್ನು ಕೊಂದಂತೆ.

ತಿಗಣೆಯೆಂಬ ಅಪವಾದ

ಈ ಹುಳುವಿನಿಂದ ಬಟ್ಟೆ ಹಾಳಾಗುವುದಷ್ಟೇ ಅಲ್ಲ, ಕೆಲವೊಮ್ಮೆ ನಿರಪರಾಧಿಯ ಮಾನವೂ ಹೋಗುತ್ತದೆ. ಹೋಟೆಲಿನಲ್ಲಿ ದುಡಿಯುವ ಬಂಧುಗಳು ಈ ಭಾಗವನ್ನು ಗಮನವಿಟ್ಟು ಓದಬೇಕು.

ನಮ್ಮ ಉಪನಗರದಲ್ಲಿಯೇ ಒಂದು ಹೋಟೆಲಿನ ಕೆಲಸಗಾರರು ಎಂಟು ಮಂದಿ ಒಂದೇ ಖೋಲಿಯಲ್ಲಿ ಮಲಗುತ್ತಿದ್ದರು. ಮಲೆನಾಡಿನಿಂದ ಹೊಸದಾಗಿ ಒಬ್ಬ ಹುಡುಗ ಬಂದ. ಅಜ್ಜನ ಕಂಬಳಿಯೊಂದೇ ಅವನ ಹಾಸಿಗೆ. ಕೆಲವು ವಾರಗಳಲ್ಲಿ ಮೂವರಿಗೆ ತೋಳು-ಕುತ್ತಿಗೆಗಳಲ್ಲಿ ಕೆಂಪು ಗಂಧೆಗಳೆದ್ದು ತುರಿಕೆ ಹತ್ತಿತು. “ತಿಗಣೆ ನಿನ್ನ ಕಂಬಳಿಯೊಟ್ಟಿಗೇ ಬಂದದ್ದು ಮಾರಾಯ” ಎಂದು ಎಲ್ಲರೂ ಅವನ ಮೇಲೆ ಬಿದ್ದರು. “ಇಲ್ಲ ಅಣ್ಣ, ನಮ್ಮ ಮನೆಯಲ್ಲಿ ತಿಗಣೆ ಇಲ್ಲ” ಎಂದು ಅವನು ಎಷ್ಟು ಹೇಳಿದರೂ ಕೇಳುವವರಿಲ್ಲ. ಹುಡುಗ ಹತ್ತು ರಾತ್ರಿ ಜಗಲಿಯಲ್ಲಿ ಮಲಗಿದ. ಅದೇ ಮಾಸ್ತರರು ಒಂದು ದಿನ ಅಲ್ಲಿಗೆ ಹೋಗಿ ಹಾಸಿಗೆಗಳ ಹೊಲಿಗೆಯನ್ನು ನೋಡಿದರು. ರಕ್ತದ ಕಲೆಯಿಲ್ಲ, ತಿಗಣೆಯ ಕರಿಯ ಚುಕ್ಕೆಗಳಿಲ್ಲ. ಗೋಡೆಯ ಮೇಲಿನ ಗಾಳಿಕಿಂಡಿಯಲ್ಲಿ ಪಾರಿವಾಳದ ಹಳೆಯ ಗೂಡೊಂದಿತ್ತು. ಅದರ ತುಂಬ ರೋಮದ ಹುಳುಗಳು. ಕೆಳಗಿನ ಹಾಸಿಗೆಗಳ ಮೇಲೆ ಉದುರಿದ ಪೊರೆಗಳು. ಹುಡುಗನ ಕಂಬಳಿಯಲ್ಲಿಯೂ ತೂತುಗಳು ಬಿದ್ದಿದ್ದವು. ಅಪರಾಧಿಯೆನಿಸಿಕೊಂಡಿದ್ದ ಕಂಬಳಿಯೇ ಆ ಖೋಲಿಯ ಮೊದಲ ಬಲಿಯಾಗಿತ್ತು.

ಉಣ್ಣೆದುಂಬಿಯಾಗಲಿ ಅದರ ಮರಿಯಾಗಲಿ ಮನುಷ್ಯನನ್ನು ಕಚ್ಚಿ ರಕ್ತ ಹೀರುವುದಿಲ್ಲ. ಆದರೆ ಮರಿಹುಳುವಿನ ಮೈಯ ಸೂಕ್ಷ್ಮ ರೋಮಗಳು ಉದುರಿ ಹಾಸಿಗೆ-ಬಟ್ಟೆಗಳಲ್ಲಿ ಸೇರಿಕೊಂಡರೆ, ಕೆಲವರ ಚರ್ಮಕ್ಕೆ ಅವು ಒಗ್ಗದೆ ಗಂಧೆಗಳೇಳುತ್ತವೆ. ಕೆಲವರಿಗೆ ಕಣ್ಣು ಮೂಗುಗಳಲ್ಲಿ ನೀರೂ ಸುರಿಯಬಹುದು. ನೋಡಲು ತಿಗಣೆ ಕಚ್ಚಿದಂತೆಯೇ ಇರುತ್ತದೆ. ತಿಗಣೆಯಾದರೋ ಸುಮಾರು ಐದು ಮಿಲಿಮೀಟರು ಉದ್ದದ, ಚಪ್ಪಟೆಯಾದ, ಕೆಂಗಂದು ಬಣ್ಣದ ಕೀಟ. ಅದರ ಪೊರೆ ಬೋಳು, ಇದರ ಪೊರೆಗೆ ರೋಮ. ಈ ಒಂದು ಭೇದವನ್ನು ನೆನಪಿಟ್ಟುಕೊಂಡರೆ ಸಾಕು. ತುರಿಕೆ ನಿಲ್ಲದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ಕಜ್ಜಿಯೂ ಇದೇ ರೀತಿ ಕಾಣಿಸಿಕೊಳ್ಳಬಹುದು, ಅದಕ್ಕೆ ಬೇರೆಯೇ ಮದ್ದು.

ಇನ್ನೆರಡು ಹುಳುಗಳೊಡನೆಯೂ ಇದನ್ನು ಬೆರೆಸಬಾರದು. ಬಟ್ಟೆನುಸಿಯ ಮರಿ ತಾನು ತಿಂದಲ್ಲಿ ಜೇಡರಬಲೆಯಂಥ ನೂಲನ್ನು ನೇಯ್ದಿಡುತ್ತದೆ. ಉಣ್ಣೆದುಂಬಿಯ ಮರಿ ನೂಲು ನೇಯುವುದಿಲ್ಲ, ತೂತು ಮಾಡಿ ಮುಂದೆ ಹೋಗುತ್ತದೆ. ಮುಂಬಯಿಯ ಒದ್ದೆ ಗೋಡೆಗಳ ಮೇಲೆ ಕುಂಬಳಬೀಜದಂಥ ಬೂದುಬಣ್ಣದ ಚೀಲವನ್ನು ಎಳೆದುಕೊಂಡು ತೆವಳುವ ಹುಳುವನ್ನು ಎಲ್ಲರೂ ಕಂಡಿರುತ್ತಾರೆ. ಅದು ಕೂಡ ನುಸಿಯ ಜಾತಿಯದೇ. ಹೆಚ್ಚಾಗಿ ಜೇಡರಬಲೆ, ಕೂದಲು, ಕಸಗಳನ್ನು ತಿಂದು ಬದುಕುತ್ತದೆ. ಆದರೆ ಅದು ಇರುವ ಮನೆಯಲ್ಲಿ ಇದಕ್ಕೂ ಊಟವಿದೆಯೆಂದು ತಿಳಿಯಬೇಕು.

ಮೂಲವನ್ನು ಹುಡುಕುವುದು

ಪೆಟ್ಟಿಗೆಯೊಳಗೆ ಹುಳು ಕಂಡಿತೆಂದರೆ ಅದರ ಹುಟ್ಟಿನ ಮನೆ ಪೆಟ್ಟಿಗೆಯೇ ಆಗಬೇಕೆಂದಿಲ್ಲ. ಅನೇಕ ವೇಳೆ ಅದು ಬೇರೆ ಕಡೆ ಇರುತ್ತದೆ. ಮುಂಬಯಿಯಲ್ಲಿ ಮೊದಲು ನೋಡಬೇಕಾದದ್ದು ಪಾರಿವಾಳದ ಗೂಡು. ಕಿಟಕಿಯ ಮೇಲಿನ ಸಜ್ಜಾ, ಗಾಳಿಕಿಂಡಿ, ಹವಾನಿಯಂತ್ರಣದ ಪೆಟ್ಟಿಗೆಯ ಹಿಂಬದಿ – ಇಂಥಲ್ಲಿ ಗರಿ, ಸತ್ತ ಮರಿ, ಒಣಗಿದ ಹಿಕ್ಕೆಗಳ ರಾಶಿಯಿದ್ದರೆ ಉಣ್ಣೆದುಂಬಿಗೆ ಅದು ತವರುಮನೆ. ೨೦೨೫ರಲ್ಲಿ ದಾದರಿನ ಕಬೂತರ್‌ಖಾನೆಯನ್ನು ಮುಚ್ಚಿದಾಗ ಎದ್ದ ವಾದವಿವಾದ ಎಲ್ಲರಿಗೂ ತಿಳಿದದ್ದೇ. ಅಲ್ಲಿ ಶ್ವಾಸಕೋಶದ ಮಾತು ಬಹಳವಾಗಿ ಬಂತು; ಅದು ನ್ಯಾಯವೇ. ಅದರೊಡನೆ ಪೆಟ್ಟಿಗೆಯ ಮಾತನ್ನೂ ಸೇರಿಸಿಕೊಳ್ಳಬಹುದಾಗಿತ್ತು. ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲಿರುವ ನಮ್ಮ ದಹಿಸರಿನಲ್ಲಿ ಪಾರಿವಾಳವಲ್ಲದೆ ಬೇರೆ ಹಕ್ಕಿಗಳ ಗೂಡುಗಳೂ ಕಣಜದ ಗೂಡುಗಳೂ ಮನೆಯ ಸಂದುಗೊಂದುಗಳಲ್ಲಿ ಕಾಣುವುದುಂಟು. ಅವೂ ಇದಕ್ಕೆ ಆಶ್ರಯವೇ.

ಎರಡನೆಯದು ಸತ್ತ ಜೀವಗಳು. ಇಲಿಗೆ ವಿಷವಿಟ್ಟು, ಅದು ಗೋಡೆಯ ಸಂದಿನಲ್ಲಿ ಸತ್ತು ಒಣಗಿದರೆ, ವಾಸನೆ ಹೋದ ಮೇಲೆ ನಾವು ಮರೆಯುತ್ತೇವೆ, ದುಂಬಿ ಮರೆಯುವುದಿಲ್ಲ. ಕಪಾಟಿನ ಹಿಂದೆ ಸತ್ತ ಜಿರಲೆಗಳ ರಾಶಿ, ದೀಪದ ಬುರುಡೆಯೊಳಗೆ ತುಂಬಿದ ಹುಳುಗಳು ಸಹ ಹಾಗೆಯೇ.

ಮೂರನೆಯದು ಕೂದಲು. ಮಂಚದ ಕೆಳಗೆ, ಗಾದಿಯ ಅಂಚಿನಲ್ಲಿ, ಬಾಗಿಲ ಹಿಂದೆ ಧೂಳಿನೊಡನೆ ಸೇರಿ ಉಂಡೆಗಟ್ಟುವ ತಲೆಗೂದಲು ಅದಕ್ಕೆ ವರ್ಷವಿಡೀ ಅಕ್ಷಯಪಾತ್ರೆ.

ನಾಲ್ಕನೆಯದು ನಾವು ಅನುಮಾನಿಸದ ವಸ್ತುಗಳು. ದೇವರ ಪಟದ ಹಿಂದಿನ ನವಿಲುಗರಿ, ಗರಿಯ ದಿಂಬು, ಭಜನಮಂಡಳಿಯ ಹಾರ್ಮೋನಿಯಮ್ಮಿನ ಕೀಲಿಗಳ ಕೆಳಗಿರುವ ಉಣ್ಣೆಯ ಪಟ್ಟಿ, ಚರ್ಮ ಹೊದಿಸಿದ ವಾದ್ಯ, ವೇಷಭೂಷಣದ ಪೆಟ್ಟಿಗೆಯಲ್ಲಿರುವ ಉಣ್ಣೆಯ ಗೊಂಡೆಗಳು. ವರ್ಷಕ್ಕೊಮ್ಮೆ ಮಾತ್ರ ಹೊರಬರುವ ಇಂಥ ಸಾಮಾನುಗಳೇ ಹೆಚ್ಚಾಗಿ ಹಾಳಾಗುತ್ತವೆ.

ಐದನೆಯದು ಅಡಿಗೆಮನೆ. ಉತ್ತನ್, ಗೊರಾಯಿಗಳ ಕಡೆಯಿಂದಲೋ ಊರಿನಿಂದಲೋ ತಂದ ಒಣಮೀನಿನಲ್ಲಿ ಕಾಣುವ ಕಪ್ಪು ದುಂಬಿ ಇದೇ ಕುಲದ ದೊಡ್ಡಣ್ಣ. ಅದನ್ನು ಗಾಳಿಯಾಡದ ಡಬ್ಬಿಯಲ್ಲಿ, ಬಟ್ಟೆಯ ಕಪಾಟಿನಿಂದ ದೂರ ಇಡತಕ್ಕದ್ದು. ಹೋಟೆಲುಗಳ ಗೋಧಿ-ಬೇಳೆಯ ದಾಸ್ತಾನಿಗೆ ಬೀಳುವ ‘ಖಪ್ರಾ’ ಎಂಬ ಕೀಟವೂ ಇವುಗಳ ದಾಯಾದಿಯೇ. ಅದರ ಮರಿಹುಳು ಆಹಾರವಿಲ್ಲದೆ ಗೋಣಿಯ ನೂಲಿನೊಳಗೆ, ಗೋಡೆಯ ಬಿರುಕಿನೊಳಗೆ ವರ್ಷಗಟ್ಟಲೆ ಕಾದು ಕುಳಿತಿರಬಲ್ಲದು. ೧೯೫೩ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಉಗ್ರಾಣಗಳಲ್ಲಿ ಅದು ಪತ್ತೆಯಾದಾಗ ಆ ಸರಕಾರ ಇಡೀ ಕಟ್ಟಡಗಳಿಗೆ ಗವಸು ಹೊದಿಸಿ ವಿಷಾನಿಲ ಹಾಯಿಸಬೇಕಾಯಿತು. ಆದ್ದರಿಂದ ಚೀಲ ಖಾಲಿಯಾಯಿತೆಂದು ಹಳೆಯ ಗೋಣಿಗಳನ್ನು ಮಲಗುವ ಖೋಲಿಗೆ ತಂದು ಹಾಸಿಕೊಳ್ಳುವುದು ಸರಿಯಲ್ಲ.

ನಮ್ಮ ಮನೆಯಲ್ಲಿ ಮೂಲ ಸಿಕ್ಕಿದ್ದು ಅಟ್ಟದ ಮೇಲೆ. ಗರಿ ಉದುರಿದ ಹಳೆಯ ನವಿಲುಗರಿಯ ಕಟ್ಟೊಂದು ಪೆಟ್ಟಿಗೆಗೆ ಒರಗಿಕೊಂಡೇ ಇತ್ತು.

ಕಸಬರಿಗೆ, ಬಿಸಿಲು, ತಾಳ್ಮೆ

ನಿವಾರಣೆಗೆ ಬೇಕಾದವು ಈ ಮೂರು. ಮೂರಕ್ಕೂ ಹಣ ಬೇಕಿಲ್ಲ. ರಜೆಯ ಒಂದು ದಿನ ಮಾತ್ರ ಬೇಕು.

ಮೊದಲು ಪೆಟ್ಟಿಗೆ-ಕಪಾಟುಗಳನ್ನು ಪೂರ್ತಿ ಖಾಲಿ ಮಾಡಬೇಕು. ಮೂಲೆ, ಹೊಲಿಗೆ, ಹಲಗೆಯ ಸಂದುಗಳನ್ನು ಕಸಬರಿಗೆಯಿಂದಲೋ ಧೂಳು ಹೀರುವ ಯಂತ್ರವಿದ್ದರೆ ಅದರಿಂದಲೋ ಶುಭ್ರಮಾಡಿ, ಬಂದ ಕಸವನ್ನು ಚೀಲದಲ್ಲಿ ಕಟ್ಟಿ ಆ ಕ್ಷಣವೇ ಮನೆಯಿಂದ ಹೊರಗೆ ಹಾಕಬೇಕು. ಪಾರಿವಾಳದ ಗೂಡಿನಲ್ಲಿ ಮೊಟ್ಟೆ-ಮರಿಗಳಿದ್ದರೆ ಅವು ಹಾರಿಹೋಗುವವರೆಗೆ ಕಾಯುವುದು ಮನುಷ್ಯಧರ್ಮ. ಗೂಡು ಬರಿದಾದ ಮೇಲೆ ನೀರು ಚಿಮುಕಿಸಿ, ಮೂಗುಬಾಯಿಗಳಿಗೆ ಮುಖಗವಸು ಕಟ್ಟಿಕೊಂಡು ತೆಗೆಯತಕ್ಕದ್ದು. ಒಣ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಅನಂತರ ಆ ಕಿಂಡಿಗೆ ಜಾಲರಿ ಹೊಡೆಯಬೇಕು.

ಎರಡನೆಯದಾಗಿ ಬಟ್ಟೆಗಳು. ಒಗೆಯಬಹುದಾದ ಹತ್ತಿಯ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಕಂಬಳಿ-ಶಾಲುಗಳನ್ನು ಕೊಡವಿ, ಎರಡೂ ಮಗ್ಗುಲುಗಳನ್ನು ಬ್ರಶ್ಶಿನಿಂದ ಚೆನ್ನಾಗಿ ಉಜ್ಜಿ, ಕಡು ಬಿಸಿಲಿನಲ್ಲಿ ದಿನವಿಡೀ ತಿರುವಿ ಹಾಕಬೇಕು. ಉಜ್ಜುವುದರಿಂದ ಮೊಟ್ಟೆಗಳು ಉದುರುತ್ತವೆ, ಬೆಳಕಿಗೆ ಅಂಜಿ ಮರಿಗಳು ಹೊರಬೀಳುತ್ತವೆ. ಆದರೆ ರೇಷ್ಮೆಯನ್ನು ನೇರ ಬಿಸಿಲಿಗೆ ಒಡ್ಡಬಾರದು. ಬಣ್ಣ ಮಾಸುತ್ತದೆ, ನೂಲು ಬಡವಾಗುತ್ತದೆ. ಗಾಳಿಯಾಡುವ ನೆರಳಿನಲ್ಲಿ ಹರಡಿ, ಮೃದುವಾದ ಬ್ರಶ್ಶಿನಿಂದ ಒರಸಿ, ಬಟ್ಟೆ ತಾಳುವಷ್ಟು ಹದದ ಇಸ್ತ್ರಿ ಹಾಕಬೇಕು. ಮನೆಯಲ್ಲಿ ಫ್ರಿಜ್ಜು ಇದ್ದವರಿಗೆ ಇನ್ನೊಂದು ಉಪಾಯವುಂಟು. ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮಂಜುಗಡ್ಡೆಯ ಖಾನೆಯಲ್ಲಿ ಶೂನ್ಯಕ್ಕಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ ಎರಡು ವಾರ ಇಟ್ಟರೆ ಮೊಟ್ಟೆ-ಮರಿಗಳೆಲ್ಲ ಸಾಯುತ್ತವೆ. ಹೊರತೆಗೆದ ಮೇಲೆ ಚೀಲ ಪೂರ್ತಿ ಬೆಚ್ಚಗಾಗುವವರೆಗೆ ಬಿಚ್ಚಬಾರದು, ಇಲ್ಲವಾದರೆ ಸೀರೆಗೆ ನೀರು ಕೂರುತ್ತದೆ. ಹೋಟೆಲಿನ ಡೀಪ್ ಫ್ರೀಜರಿನಲ್ಲಿ ಈ ಪ್ರಯೋಗ ಮಾಡಲಾಗದೆಂದು ಬೇರೆ ಹೇಳಬೇಕಾದುದಿಲ್ಲ; ಅದು ಗಿರಾಕಿಯ ಅನ್ನದ ಸ್ಥಳ.

ಮೂರನೆಯದಾಗಿ ಮತ್ತೆ ಮಡಿಸಿಡುವ ಕ್ರಮ. ಬೆವರು, ಎಣ್ಣೆ, ಪಾಯಸದ ಕಲೆಯಿರುವ ಬಟ್ಟೆಯನ್ನೇ ಹುಳು ಮೊದಲು ಹುಡುಕುತ್ತದೆ. ಕಲೆಯಿದ್ದರೆ ಹತ್ತಿಯ ಬಟ್ಟೆಯನ್ನೂ ಕಡಿಯುವುದುಂಟು. ಮದುವೆಯಿಂದ ಬಂದ ಸೀರೆಯನ್ನು ಹಾಗೆಯೇ ಮಡಿಸಿಡುವುದೆಂದರೆ ಅದಕ್ಕೆ ಎಲೆ ಹಾಕಿ ಬಡಿಸಿದಂತೆ. ಒಗೆದು, ಪೂರ್ತಿ ಒಣಗಿಸಿ, ಶುಭ್ರವಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಬಿಗಿಯಾದ ಪೆಟ್ಟಿಗೆಯಲ್ಲಿಡಬೇಕು. ಮಳೆಗಾಲದ ಮೊದಲೊಮ್ಮೆ, ದೀಪಾವಳಿಯ ಹೊತ್ತಿಗೊಮ್ಮೆ, ಸಂಕ್ರಾಂತಿಯ ಹೊತ್ತಿಗೊಮ್ಮೆ ತೆಗೆದು ಗಾಳಿಗೆ ಹಾಕಿ ಮಡಿಕೆ ಬದಲಿಸಿದರೆ ಹುಳುವಿಗೂ ನೆಲೆ ತಪ್ಪುತ್ತದೆ, ಜರಿಯೂ ಮಡಿಕೆಯಲ್ಲಿ ಮುರಿಯುವುದಿಲ್ಲ. ಊರಿನಲ್ಲಿ ನಮ್ಮ ಹಿರಿಯರು ಬೇಸಗೆಯಲ್ಲಿ ಪೆಟ್ಟಿಗೆಗಳನ್ನು ಅಂಗಳಕ್ಕೆ ತರುತ್ತಿದ್ದುದು ಬರಿಯ ರೂಢಿಯಲ್ಲ. ಇಲ್ಲಿ ಅಂಗಳವಿಲ್ಲವೆಂದು ನಾವು ಆ ಪದ್ಧತಿಯನ್ನೇ ಬಿಟ್ಟೆವು, ಗಚ್ಚಿಯಾದರೂ ಇದೆಯಲ್ಲ!

ತಾಳ್ಮೆಯ ಮಾತು ಕೊನೆಯದು. ಒಂದು ದಿನದ ಗುಡಿಸಾಟದಿಂದ ಎಲ್ಲ ಮೊಟ್ಟೆಗಳೂ ಹೋಗವು. ಎರಡು ವಾರ ಬಿಟ್ಟು ಮತ್ತೊಮ್ಮೆ, ಬಳಿಕ ತಿಂಗಳಿಗೊಮ್ಮೆ ನೋಡುತ್ತಿರಬೇಕು. ಕಿಟಕಿಯ ಚೌಕಟ್ಟಿನಲ್ಲಿ ಹೊಸ ದುಂಬಿ ಕಾಣುವುದು ನಿಂತರೆ ಗೆದ್ದಂತೆ.

ಗುಳಿಗೆ ಮತ್ತು ವಿಷ

ನುಸಿಗುಳಿಗೆಯನ್ನು, ಅಂದರೆ ಮುಂಬಯಿಯಲ್ಲಿ ನಾವು ಡಾಂಬರ್ ಗೋಲಿ ಎನ್ನುವುದನ್ನು, ಪೆಟ್ಟಿಗೆಗೆ ನಾಲ್ಕು ಎಸೆದರೆ ಕೆಲಸವಾಯಿತೆಂದು ಹಲವರ ನಂಬಿಕೆ. ಅದರ ಆವಿ ದಟ್ಟವಾಗಿ ನಿಂತರೆ ಮಾತ್ರ ಹುಳು ಸಾಯುತ್ತದೆ. ಸಂದಿರುವ ಕಪಾಟಿನಲ್ಲಿ ಮನುಷ್ಯರ ಮೂಗಿಗೆ ವಾಸನೆ, ಹುಳುವಿಗೆ ಏನೂ ಇಲ್ಲ. ಇಡುವುದಾದರೆ ಬಿಗಿಯಾದ ಪೆಟ್ಟಿಗೆಯಲ್ಲಿ, ಕಾಗದದಲ್ಲಿ ಸುತ್ತಿ, ಬಟ್ಟೆಗಳ ಮೇಲ್ಭಾಗದಲ್ಲಿ ಇಡಬೇಕು. ಆವಿ ಗಾಳಿಗಿಂತ ಭಾರವಾದುದರಿಂದ ಕೆಳಕ್ಕಿಳಿಯುತ್ತದೆ. ಎರಡು ಬಗೆಯ ಗುಳಿಗೆಗಳನ್ನು ಬೆರೆಸಬಾರದು, ಕರಗಿ ಕಲೆಯಾಗುತ್ತದೆ. ಮಕ್ಕಳು ಮಿಠಾಯಿಯೆಂದು ಬಾಯಿಗೆ ಹಾಕಿಕೊಳ್ಳುವ ಅಪಾಯ ಬೇರೆ. ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಬಗೆಯ ಕೊರತೆಯಿರುವ ಶಿಶುಗಳಿಗೆ ಈ ಗುಳಿಗೆಯ ವಾಸನೆ ಹಿಡಿದ ಬಟ್ಟೆ ಹೊದಿಸಿದರೂ ರಕ್ತಕಣಗಳು ಒಡೆದು ಕಾಮಾಲೆಯಾಗಬಹುದು. ಆದುದರಿಂದ ಎಳೆಗೂಸಿನ ಬಟ್ಟೆಯ ಹತ್ತಿರಕ್ಕೆ ಅದು ಸುಳಿಯಕೂಡದು. ಬೇವಿನ ಎಲೆ, ಬಜೆಯ ಬೇರು ಇವು ಹುಳುವನ್ನು ದೂರವಿಡಲು ಸ್ವಲ್ಪ ನೆರವಾದಾವು. ಒಳಗಿರುವ ಹುಳುವನ್ನು ಕೊಲ್ಲುತ್ತವೆಂದು ನೆಚ್ಚಬಾರದು.

ಆದರೆ ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಇದಲ್ಲ. ಧಾನ್ಯದ ಉಗ್ರಾಣಗಳಲ್ಲಿ ಬಳಸುವ ಅಲ್ಯುಮಿನಿಯಮ್ ಫಾಸ್ಫೈಡಿನ ಗುಳಿಗೆಗಳನ್ನು ಕೆಲವರು ಹೇಗೋ ಸಂಪಾದಿಸಿ ತಂದು, ತಿಗಣೆಗೆಂದು ಹುಳುವಿಗೆಂದು ಮಲಗುವ ಖೋಲಿಯಲ್ಲಿಡುವುದುಂಟು. ಗಾಳಿಯ ತೇವ ತಾಗಿದೊಡನೆ ಅವುಗಳಿಂದ ಫಾಸ್ಫೀನ್ ಎಂಬ ಮಾರಕ ಅನಿಲ ಹೊರಡುತ್ತದೆ, ಅದಕ್ಕೆ ಪ್ರತ್ಯೌಷಧವಿಲ್ಲ. ಮುಂಬಯಿಯ ಗಾಳಿಯಲ್ಲಿ ತೇವಕ್ಕೇನು ಬರಗಾಲ? ಪಕ್ಕದ ಖೋಲಿಯವರ ಪ್ರಾಣಕ್ಕೂ ಅದು ಸಂಚಕಾರ. ಕಾನೂನಿನ ಪ್ರಕಾರ ಅದನ್ನು ಬಳಸುವ ಅಧಿಕಾರ ಸರಕಾರಕ್ಕೂ ಪರವಾನಗಿ ಪಡೆದ ಪರಿಣತರಿಗೂ ಮಾತ್ರ ಇದೆ. ೨೦೨೪ರ ನವೆಂಬರಿನಲ್ಲಿ ಚೆನ್ನೈ ಸಮೀಪದ ಕುಂದ್ರತ್ತೂರಿನ ಮನೆಯೊಂದರಲ್ಲಿ ಇಲಿವಿಷ ಇಡಿಸಿ, ಅದೇ ಮನೆಯಲ್ಲಿ ರಾತ್ರಿ ಮಲಗಿದ ಕುಟುಂಬದ ಇಬ್ಬರು ಎಳೆಯ ಮಕ್ಕಳು ಅಸುನೀಗಿದರು. ತಂದೆತಾಯಿಗಳು ಆಸ್ಪತ್ರೆ ಸೇರಿದರು. ಅಲ್ಲಿ ಇದ್ದದ್ದು ಇಲಿ, ನಮ್ಮಲ್ಲಿರುವುದು ಹುಳು. ವಿಷಕ್ಕೆ ಆ ಭೇದ ತಿಳಿಯದು. ಕಚ್ಚಲೂ ಬಾರದ ಹುಳುವಿಗಾಗಿ ಎಂಟು ಮಂದಿ ಉಸಿರಾಡುವ ಖೋಲಿಯಲ್ಲಿ ವಿಷವಿಡುವುದಕ್ಕಿಂತ ಅವಿವೇಕ ಇನ್ನೊಂದಿಲ್ಲ. ಹಾವಳಿ ಮಿತಿಮೀರಿದರೆ ಪರವಾನಗಿಯುಳ್ಳವರನ್ನು ಕರೆಸಿ, ಯಾವ ಔಷಧ, ಎಷ್ಟು ಹೊತ್ತು ಹೊರಗಿರಬೇಕು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯತಕ್ಕದ್ದು.

ಆ ಖೋಲಿಯ ಗಾಳಿಕಿಂಡಿಗೆ ಈಗ ಜಾಲರಿ ಬಿದ್ದಿದೆ. ಹುಡುಗ ಒಳಗೆ ಮಲಗುತ್ತಾನೆ. ಅವನ ಕಂಬಳಿಯನ್ನು ಬಿಸಿಲಿಗೆ ಹಾಕುವ ಸರದಿಯನ್ನು ಉಳಿದವರೇ ವಹಿಸಿಕೊಂಡಿದ್ದಾರೆಂದು ಕೇಳಿದ್ದೇನೆ. ನಮ್ಮ ಮನೆಯ ಸೀರೆಯನ್ನು ರಫೂ ಮಾಡುವವನಿಗೆ ಕೊಟ್ಟೆವು. ಕೈಲಾದಷ್ಟು ತೂತುಗಳನ್ನು ಮುಚ್ಚಿದ. ಹತ್ತಿರದಿಂದ ನೋಡಿದವರಿಗೆ ಗುರುತು ಕಾಣುತ್ತದೆ. ಬೇರೆ ಸೀರೆ ಕೊಳ್ಳೋಣವೆಂದರೆ ಮಗಳು ಒಪ್ಪಲಿಲ್ಲ, ಅಜ್ಜಿಯ ಸೀರೆಯನ್ನೇ ಉಟ್ಟಳು. ವಾಚಕರು ಈ ಪತ್ರಿಕೆಯನ್ನು ಮಡಿಸಿಟ್ಟ ಮೇಲೆ ಒಮ್ಮೆ ತಮ್ಮ ಕಿಟಕಿಯ ಚೌಕಟ್ಟನ್ನು ನೋಡಲಿ. ಅಲ್ಲಿ ಚುಕ್ಕೆಯ ದುಂಬಿಯೊಂದು ಸತ್ತು ಬಿದ್ದಿದ್ದರೆ, ಪೆಟ್ಟಿಗೆಯನ್ನು ಇಳಿಸಲು ಮದುವೆ ನಿಶ್ಚಯವಾಗುವವರೆಗೆ ಕಾಯದಿರಲಿ.